ಭೂಮಿ ಒಂದು ಸಾಸಿವೆ ಕಾಳಾದರೆ ನಕ್ಷತ್ರಗಳು ಎಷ್ಟು ದೂರ?

ಪ್ರಶ್ನೆ: ಮಗಳ ಶಾಲೆ ಪುಸ್ತಕದಲ್ಲಿ ಸೂರ್ಯ, ಗ್ರಹ ಎಲ್ಲಾ ಪಕ್ಕಪಕ್ಕದಲ್ಲೇ ಇವೆ. ನಿಜಕ್ಕೂ ಈ ವಿಶ್ವದಲ್ಲಿ ನಮ್ಮ ಭೂಮಿ ಎಷ್ಟು ಚಿಕ್ಕದು?

ಪುಸ್ತಕದ ಪುಟದಲ್ಲಿ ದೂರವನ್ನು ತೋರಿಸಲು ಜಾಗವೇ ಇರುವುದಿಲ್ಲ. ಆದರೆ ಭೂಮಿ ಎಷ್ಟು ಚಿಕ್ಕದು ಅನ್ನೋದು ತಿಳಿಯುವುದು ಆ ದೂರದಿಂದಲೇ. ಅಡುಗೆಮನೆಯಿಂದ ಒಂದು ದಪ್ಪ ಸಾಸಿವೆ ಕಾಳು ತನ್ನಿ, 2 ಮಿಲಿಮೀಟರ್‌ನದು. 12,742 ಕಿ.ಮೀ. ಅಡ್ಡಳತೆಯ ನಮ್ಮ ಭೂಮಿ ಅದೇ ಅಂದುಕೊಳ್ಳಿ. ಆಗ ಚಂದ್ರ ಗಸಗಸೆಗಿಂತ ಚಿಕ್ಕ ಚುಕ್ಕೆ, 6 ಸೆಂಟಿಮೀಟರ್ ಆಚೆ. ಮನುಷ್ಯ ಇದುವರೆಗೆ ಹೋಗಿಬಂದಿರುವುದು ಹೆಚ್ಚುಕಡಿಮೆ ಅಷ್ಟೇ ದೂರ, ಒಂದು ಬೆರಳಿನಷ್ಟು.

ಸೂರ್ಯ ಒಂದು ಫುಟ್‌ಬಾಲ್. ಅದನ್ನು ಸಾಸಿವೆಯಿಂದ 23 ಮೀಟರ್ ದೂರ ಇಡಬೇಕು, ಕ್ರಿಕೆಟ್ ಪಿಚ್‌ಗಿಂತ ಸ್ವಲ್ಪ ಜಾಸ್ತಿ. ಗುರು ಗ್ರಹ ದೊಡ್ಡ ಗೋಲಿಯಷ್ಟು. ಕೊನೆಯ ಗ್ರಹ ನೆಪ್ಚೂನ್ ಫುಟ್‌ಬಾಲ್‌ನಿಂದ 700 ಮೀಟರ್ ಆಚೆ, ಅಂದರೆ ಎರಡು ಬಸ್ ಸ್ಟಾಪ್ ನಡುವಿನಷ್ಟು ಜಾಗದಲ್ಲಿ ಒಂದು ಚೆಂಡು, ಎಂಟು ಕಾಳು-ಗೋಲಿಗಳು, ಉಳಿದದ್ದು ಬಹುತೇಕ ಖಾಲಿ.

ಸರಿ, ಪಕ್ಕದ ಮನೆಯ ನಕ್ಷತ್ರ ಎಲ್ಲಿ? ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ್ದು ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ನಮ್ಮ ಸಾಸಿವೆ ಲೆಕ್ಕದಲ್ಲಿ ಅದು ಸುಮಾರು 6,300 ಕಿ.ಮೀ.! ಫುಟ್‌ಬಾಲ್ ಬೆಂಗಳೂರಿನಲ್ಲಿದ್ದರೆ ಮುಂದಿನ ಚೆಂಡು ಜಪಾನಿನಲ್ಲಿ, ಮಧ್ಯೆ ಬೇರೆ ಒಂದು ನಕ್ಷತ್ರವೂ ಇಲ್ಲ. ಪ್ರಾಕ್ಸಿಮಾ ಬರಿಗಣ್ಣಿಗೆ ಕಾಣದು. ಅದರ ಜೊತೆಗಾರ ಆಲ್ಫಾ ಸೆಂಟಾರಿಯನ್ನು ಮಾತ್ರ ಮೇ ಕೊನೆಯ ರಾತ್ರಿ 10ರ ಹೊತ್ತಿಗೆ ಕರ್ನಾಟಕದಿಂದಲೇ ನೋಡಬಹುದು, ಮೋಡ ಇರಬಾರದು ಅಷ್ಟೇ. ದಕ್ಷಿಣ ದಿಕ್ಕಿನಲ್ಲಿ, ಬಾನಂಚಿಗೆ ಹತ್ತಿರ, ಚೆನ್ನಾಗಿ ಹೊಳೆಯುತ್ತಿರುತ್ತದೆ. ಮಗಳಿಗೆ ತಪ್ಪದೆ ತೋರಿಸಿ.

ನನ್ನನ್ನು ಬೆರಗುಗೊಳಿಸಿದ್ದು ಇದರ ಮುಂದಿನ ಲೆಕ್ಕ. ನಮ್ಮ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ಅದರಲ್ಲಿ 10,000 ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಭೂಮಿಯನ್ನು ಸಾಸಿವೆಗೆ ಇಳಿಸಿದ ಮೇಲೂ ಆ ಅಗಲ ಸುಮಾರು 15 ಕೋಟಿ ಕಿ.ಮೀ. ಉಳಿಯುತ್ತದೆ. ಇಲ್ಲಿಂದ ನಿಜವಾದ ಸೂರ್ಯನಿಗೆ ಇರುವ ದೂರವೂ ಅಷ್ಟೇ, ಅಲ್ವಾ! ಇದು ಬರೀ ಒಂದು ಗೆಲಾಕ್ಸಿಯ ಮಾತು. ನಾವು ನೋಡಬಹುದಾದ ವಿಶ್ವದ ಅಡ್ಡಳತೆ ಸುಮಾರು 9,300 ಕೋಟಿ ಜ್ಯೋತಿರ್ವರ್ಷ, ಅದಕ್ಕೆ ಸಾಸಿವೆ ಲೆಕ್ಕವೂ ಸಾಲದು.