ನಿದ್ದೆ ಮಾತ್ರೆ, ಪ್ರಾಸ್ಟೇಟ್ ಮತ್ತು ರಾತ್ರಿ ನಾಲ್ಕು ಸಲ ಏಳುವ ಗಂಡಸರು

ಡೊಂಬಿವಲಿಯಲ್ಲಿರುವ ನನ್ನ ಸೋದರಮಾವನಿಗೆ 72 ವರ್ಷ. ಮುಂಬಯಿ ಫೋರ್ಟ್‌ನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಜೀವನವಿಡೀ ಕೂತವರು. ಒಂದು ಮಳೆಗಾಲದ ರಾತ್ರಿ ಎರಡು ಶೀತದ ಮಾತ್ರೆ ನುಂಗಿ ಮಲಗಿದರು. ಶೀತವೇನೂ ಇರಲಿಲ್ಲ. "ಅದು ತಿಂದ್ರೆ ಒಳ್ಳೆ ನಿದ್ದೆ ಬರ್ತದೆ ಮಾರಾಯ" ಅಂತ ಯಾರೋ ಹೇಳಿದ್ದರಂತೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ಮೂತ್ರ ಒಂದು ಹನಿಯೂ ಬರಲಿಲ್ಲ. ಕೆಳಹೊಟ್ಟೆ ಕಲ್ಲಾಗಿತ್ತು. ಆಸ್ಪತ್ರೆಯಲ್ಲಿ ಪೈಪ್ ಹಾಕಿದಾಗ ಚೀಲದಲ್ಲಿ ಹತ್ತಿರಹತ್ತಿರ ಒಂದು ಲೀಟರ್ ತುಂಬಿತು. ಮಂಚದ ಕಂಬಿ ಹಿಡಿದಿದ್ದ ಮಾವನ ಕೈ ಆಗಷ್ಟೇ ಸಡಿಲವಾಯಿತು.

ಅಲ್ಲೇ ಅವರ ಮಗಳು ಕೇಳಿದಳು: "ನಿದ್ದೆ ಮಾತ್ರೆಯಿಂದ ಪ್ರಾಸ್ಟೇಟ್ ಕ್ಯಾನ್ಸರ್ ಬರ್ತದಂತೆ, ಹೌದಾ?" ಮಾವನಿಗೆ ಆದದ್ದೇ ಬೇರೆ, ಅವಳು ಹೆದರಿದ್ದೇ ಬೇರೆ. ಎರಡನ್ನೂ ಬಿಡಿಸಿ ನೋಡಬೇಕು.

ಪ್ರಾಸ್ಟೇಟ್ ಅಕ್ರೋಟಿನಷ್ಟು ದೊಡ್ಡ ಗ್ರಂಥಿ. ಮೂತ್ರಕೋಶದ ಕೆಳಗಿರುತ್ತದೆ, ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ಅದು ಊದಿ ನಾಳವನ್ನು ಒತ್ತುತ್ತದೆ. 60 ದಾಟಿದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ಮೂತ್ರ ಹೊರಗೆ ಹಾಕಲು ಮೂತ್ರಕೋಶ ಜಾಸ್ತಿ ಬಲ ಹಾಕಬೇಕಾಗುತ್ತದೆ. "ಹಿಂಡು" ಎಂದು ಅದರ ಸ್ನಾಯುವಿಗೆ ಹೇಳುವುದು ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ.

ಹಳೆಯ ಅಲರ್ಜಿ ಔಷಧಿಗಳು ತಡೆಯುವುದು ಇದನ್ನೇ. ಡೈಫೆನ್‌ಹೈಡ್ರಮೈನ್ 1946ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು ಅಲರ್ಜಿಗೆಂದು. ತೂಕಡಿಕೆ ಅದರ ಅಡ್ಡಪರಿಣಾಮವಾಗಿತ್ತು. ಮುಂದೆ ಆ ತೂಕಡಿಕೆಗಾಗಿಯೇ ಅಲ್ಲಿ ಅದನ್ನು ನಿದ್ದೆ ಮಾತ್ರೆಯಾಗಿ ಮಾರತೊಡಗಿದರು. ನಮ್ಮಲ್ಲಿ ಶೀತದ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ಇದೇ ಬಳಗದ್ದು. ಜೊತೆಗೆ ಕಟ್ಟಿದ ಮೂಗು ಬಿಡಿಸುವ ಫಿನೈಲ್‌ಎಫ್ರಿನ್ ಇದ್ದರೆ ಅದು ಮೂತ್ರಕೋಶದ ಬಾಯಿಯನ್ನೂ ಬಿಗಿ ಮಾಡುತ್ತದೆ. ಒಂದು ಹಿಂಡುವುದನ್ನು ತಡೆಯುತ್ತದೆ, ಇನ್ನೊಂದು ಬಾಗಿಲು ಹಾಕುತ್ತದೆ. ಮಾವನಿಗೆ ಆದದ್ದು ಇದೇ. 1961ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಮಿಟ್ರಿಪ್ಟಿಲಿನ್ ಖಿನ್ನತೆಯ ಔಷಧಿ. ಕಡಿಮೆ ಪ್ರಮಾಣದಲ್ಲಿ ನಿದ್ದೆಗೂ ಕೊಡುತ್ತಾರೆ. ಅದರಲ್ಲೂ ಅಸೆಟೈಲ್‌ಕೋಲಿನ್ ತಡೆಯುವ ಗುಣ ಜೋರಾಗಿಯೇ ಇದೆ.

ಇದು ಹೊಸ ಸುದ್ದಿ ಅಲ್ಲ. ವಯಸ್ಸಾದವರಿಗೆ ಯಾವ ಔಷಧಿ ಬೇಡ ಎಂದು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಒಂದು ಪಟ್ಟಿ ಮಾಡಿದರು. ಇವತ್ತಿಗೂ ಪರಿಷ್ಕರಣೆ ಆಗುತ್ತಿರುವ ಆ ಪಟ್ಟಿ, ಪ್ರಾಸ್ಟೇಟ್ ಊದಿದ ಗಂಡಸರಿಗೆ ಇಂಥ ಔಷಧಿ ಬೇಡ ಎನ್ನುತ್ತದೆ. ಆದರೂ ನಮ್ಮ ಮೆಡಿಕಲ್‌ಗಳಲ್ಲಿ ಶೀತದ ಮಾತ್ರೆ ಕೊಡುವಾಗ "ಪ್ರಾಸ್ಟೇಟ್ ಇದೆಯಾ ಕಾಕಾ?" ಎಂದು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ಅಸಲಿ ನಿದ್ದೆ ಮಾತ್ರೆಗಳ ಕತೆ ಬೇರೆ. 1992ರಲ್ಲಿ ಅಮೆರಿಕದಲ್ಲಿ ಜೋಲ್ಪಿಡೆಮ್‌ಗೆ ಒಪ್ಪಿಗೆ ಸಿಕ್ಕಿತು. ಪ್ರಾಸ್ಟೇಟ್ ಕುಗ್ಗಿಸುವ ಫಿನಾಸ್ಟೆರೈಡ್‌ಗೆ ಸಿಕ್ಕಿದ್ದೂ ಅದೇ ವರ್ಷ. ಜೋಲ್ಪಿಡೆಮ್, ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್ ಎರಡೂ ನಮ್ಮಲ್ಲಿ 2014ರಿಂದ ಎಚ್1 ಪಟ್ಟಿಯಲ್ಲಿವೆ. ಚೀಟಿ ಬೇಕು, ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಇವು ಮೂತ್ರವನ್ನು ಆ ರೀತಿ ಕಟ್ಟುವುದಿಲ್ಲ. ಇಲ್ಲಿನ ಭಯ ಬೀಳುವುದು. ಪ್ರಾಸ್ಟೇಟ್‌ಗೆಂದು ಟಾಮ್ಸುಲೋಸಿನ್ ತಗೊಳ್ಳುವವರಿಗೆ ಎದ್ದ ಕೂಡಲೇ ಬಿಪಿ ಇಳಿಯಬಹುದು. ಅದರ ಮೇಲೆ ನಿದ್ದೆ ಮಾತ್ರೆಯ ಮಂಪರು, ಕತ್ತಲು, ಒದ್ದೆ ಬಾತ್‌ರೂಮು.

ಇನ್ನು ಕ್ಯಾನ್ಸರ್ ಭಯ. 2012ರಲ್ಲಿ ಡೇನಿಯಲ್ ಕ್ರಿಪ್ಕೆ ಮತ್ತು ಸಂಗಡಿಗರು ನಿದ್ದೆ ಮಾತ್ರೆ ಪಡೆದಿದ್ದ 10,529 ಅಮೆರಿಕನ್ನರ ದಾಖಲೆ ನೋಡಿದರು. ಜಾಸ್ತಿ ಮಾತ್ರೆ ಪಡೆದವರಲ್ಲಿ, ಮಾತ್ರೆ ಪಡೆಯದವರಿಗಿಂತ ಒಟ್ಟಾರೆ ಕ್ಯಾನ್ಸರ್ 35 ಶೇಕಡಾ ಹೆಚ್ಚು ಕಂಡಿತು. ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಮಾತ್ರೆಯೇ ಕಾರಣ ಎಂದು ಆ ಅಧ್ಯಯನ ಸಾಬೀತು ಮಾಡಲಿಲ್ಲ. ಮರುವರ್ಷ ಐಸ್‌ಲ್ಯಾಂಡಿನ 2,102 ವಯಸ್ಸಾದ ಗಂಡಸರ ಅಧ್ಯಯನದಲ್ಲಿ, ನಿದ್ದೆಯ ತೊಂದರೆ ಇದ್ದವರಲ್ಲೇ ಪ್ರಾಸ್ಟೇಟ್ ಕ್ಯಾನ್ಸರ್ ಜಾಸ್ತಿ ಕಂಡಿತು. ಹಾಗಾದರೆ ತಪ್ಪು ಮಾತ್ರೆಯದ್ದೋ, ನಿದ್ದೆಗೇಡಿತನದ್ದೋ? ನಿದ್ದೆ ಕೆಡಿಸುವ ರಾತ್ರಿ ಪಾಳಿಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಎಂದಿದೆ. ನಡುರಾತ್ರಿಯ ಕೊನೆಯ ಲೋಕಲ್ ಹಿಡಿದು ಮನೆಗೆ ಬರುತ್ತಿದ್ದ ನಮ್ಮ ಹೋಟೆಲ್ ಜನ ನನಗೆ ಇಲ್ಲಿ ನೆನಪಾಗುತ್ತಾರೆ.

ನನ್ನನ್ನು ಕಾಡುವುದು ಇನ್ನೊಂದು. ಮಾವನಿಗೆ ನಿದ್ದೆ ಬರದ ಕಾಯಿಲೆಯೇ ಇರಲಿಲ್ಲ. ಮೂತ್ರಕ್ಕೆಂದು ರಾತ್ರಿ ನಾಲ್ಕು ಸಲ ಏಳುತ್ತಿದ್ದರು, ಅದನ್ನು ಹೇಳಲು ನಾಚಿಕೆ. "ನಿದ್ದೆ ಇಲ್ಲ" ಎಂದಷ್ಟೇ ಹೇಳುತ್ತಿದ್ದರು. ಮೂತ್ರಕ್ಕಾಗಿ ಎಚ್ಚರವಾಗುತ್ತದಾ, ಎಚ್ಚರವಾದ ಮೇಲೆ ಮೂತ್ರಕ್ಕೆ ಹೋಗುತ್ತೀರಾ ಎಂದು ಡಾಕ್ಟರ್ ಕೇಳಿದ ಮೇಲೆಯೇ ವಿಷಯ ಹೊರಬಿದ್ದದ್ದು. ಮೂರು ದಿನ ಎಷ್ಟು ಗಂಟೆಗೆ ಎದ್ದೆ, ಎಷ್ಟು ಹೋಯಿತು, ಸಂಜೆ ಮೇಲೆ ಎಷ್ಟು ಚಹಾ ಕುಡಿದೆ ಎಂದು ಬರೆದಿಡಲು ಹೇಳಿದರು. ಗಲ್ಲಾದ ಲೆಕ್ಕ ಬರೆದ ಕೈ ಅದು, ಒಂದೂ ಬಿಡದೆ ಬರೆಯಿತು. ರಾತ್ರಿ ಒಂಬತ್ತೂವರೆಗೆ ಕುಡಿಯುತ್ತಿದ್ದ ಚಹಾ ಆ ವಾರವೇ ನಿಂತಿತು. ಪ್ರಾಸ್ಟೇಟ್‌ಗೆ ಔಷಧಿ ಶುರುವಾಯಿತು. ಈಗ ಒಂದು ಸಲ ಏಳುತ್ತಾರೆ.