‘ಪ್ರೊರೋಗ್’ ಅಂದರೆ ಗೆಜ್ಜೆ ಬಿಚ್ಚುವುದು

ಇಂಗ್ಲಿಷ್ ಕಡತಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕೆಲವು ಪದಗಳು ವರ್ಷಕ್ಕೆ ಎರಡು ಮೂರು ಸಲ ಬರುತ್ತವೆ ಅಷ್ಟೇ, ಬಂದಾಗಲೆಲ್ಲ ಕಾಟ ಕೊಡುತ್ತವೆ. ಪ್ರೊರೋಗ್ ಅಂಥದ್ದೊಂದು. ಹೊಸದಾಗಿ ಸೇರಿದ ಹುಡುಗನೊಬ್ಬ ‘ರಾಜ್ಯಪಾಲರು ವಿಧಾನಸಭೆಯನ್ನು ವಿಸರ್ಜಿಸಿದರು’ ಅಂತ ಬರೆದು ತಂದ. ಅದು ಹಾಗೇ ಹೋಗಿದ್ದರೆ ಶಾಸಕರೆಲ್ಲ ಮಾಜಿಗಳಾಗಿಬಿಡುತ್ತಿದ್ದರು! ಮೂಲದಲ್ಲಿದ್ದದ್ದು ಪ್ರೊರೋಗ್, ಅಂದರೆ ಅಧಿವೇಶನ ಮುಗಿಸುವುದು; ಸದನವನ್ನೇ ವಿಸರ್ಜಿಸುವ ಡಿಸಾಲ್ವ್ ಅಲ್ಲ.

ನಾನು ಕರಾವಳಿಯವನು, ಯಕ್ಷಗಾನದ ಲೆಕ್ಕದಲ್ಲೇ ಹೇಳಿದೆ. ಇವತ್ತಿನ ಆಟ ಮುಗಿಸಿ ನಾಳೆ ಇನ್ನೊಂದೂರಿಗೆ ಹೋಗುವುದು ಅಡ್ಜರ್ನ್, ಅಂದರೆ ಕಲಾಪ ಮುಂದೂಡುವುದು. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ಈ ವರ್ಷದ ತಿರುಗಾಟ ಮುಗಿಸುವುದು ಪ್ರೊರೋಗ್. ಮೇಳ ಎಲ್ಲೂ ಹೋಗಿಲ್ಲ, ಮಳೆಗಾಲ ಕಳೆದ ಮೇಲೆ ಮತ್ತೆ ಹೊರಡುತ್ತದೆ. ಮೇಳವನ್ನೇ ಮುಚ್ಚಿದರೆ ಅದು ಡಿಸಾಲ್ವ್.

ನಡುವೆ ‘ಸೈನ್ ಡೈ’ ಅಂತ ಒಂದಿದೆ, ಪತ್ರಿಕೆಗಳು ಅನಿರ್ದಿಷ್ಟ ಅವಧಿಗೆ ಮುಂದೂಡಿಕೆ ಅನ್ನುತ್ತವಲ್ಲ, ಅದು. ಮುಂದಿನ ಆಟ ಯಾವಾಗ ಅಂತ ಹೇಳಿಲ್ಲ, ಆದರೆ ಗೆಜ್ಜೆಯನ್ನೂ ಬಿಚ್ಚಿಲ್ಲ. ಇದು ಸ್ಪೀಕರ್ ಕೈಯಲ್ಲಿರುವ ವಿಷಯ. ಪ್ರೊರೋಗ್ ಮಾಡುವವರು ಮಾತ್ರ ಸಂಸತ್ತಿಗಾದರೆ ರಾಷ್ಟ್ರಪತಿ (85ನೇ ವಿಧಿ), ರಾಜ್ಯಕ್ಕಾದರೆ ರಾಜ್ಯಪಾಲರು (174ನೇ ವಿಧಿ). ನಮ್ಮ ವಿಧಾನ ಪರಿಷತ್ತನ್ನೂ ಪ್ರೊರೋಗ್ ಮಾಡಬಹುದು, ವಿಸರ್ಜಿಸಲು ಮಾತ್ರ ರಾಜ್ಯಪಾಲರಿಗೆ ಬರುವುದಿಲ್ಲ.

ಇದೆಲ್ಲ ಸುಮ್ನೆ ಪದದ ಜಗಳ ಅನ್ನಬೇಡಿ. 2023ರ ಮಾರ್ಚ್‌ನಲ್ಲಿ ಪಂಜಾಬ್ ಸ್ಪೀಕರ್ ವಿಧಾನಸಭೆಯನ್ನು ಸೈನ್ ಡೈ ಮುಂದೂಡಿ, ಜೂನ್‌ನಲ್ಲಿ ತಾವೇ ಮತ್ತೆ ಕರೆದರು. ಈ ಸಭೆಯೇ ಸಿಂಧುವಲ್ಲ ಅಂತ ರಾಜ್ಯಪಾಲರು ತಕರಾರು ತೆಗೆದರು. ಪ್ರೊರೋಗ್ ಆಗಿರಲಿಲ್ಲವಾದ್ದರಿಂದ ಸ್ಪೀಕರ್ ಕರೆದದ್ದು ಸರಿ ಅಂತ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಬ್ರಿಟನ್ನಿನಲ್ಲಿ ಏಟು ಇನ್ನೂ ಜಾಸ್ತಿ. ಅಲ್ಲಿ ಪ್ರೊರೋಗ್ ಆದರೆ ಬಾಕಿ ಉಳಿದ ಮಸೂದೆಗಳು ಸಾಮಾನ್ಯವಾಗಿ ಬಿದ್ದುಹೋಗುತ್ತವೆ, ನಮ್ಮಲ್ಲಿ 107 ಮತ್ತು 196ನೇ ವಿಧಿಗಳು ಅವನ್ನು ಉಳಿಸುತ್ತವೆ. 2019ರಲ್ಲಿ ಬ್ರೆಕ್ಸಿಟ್ ಗಲಾಟೆಯ ನಡುವೆ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಸಂಸತ್ತನ್ನು ಅಕ್ಟೋಬರ್ 14ರವರೆಗೆ ಪ್ರೊರೋಗ್ ಮಾಡಿಸಿದಾಗ, ಸೆಪ್ಟೆಂಬರ್ 24ರಂದು ಅಲ್ಲಿನ ಸುಪ್ರೀಂ ಕೋರ್ಟ್‌ನ 11 ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಅದು ಕಾನೂನುಬಾಹಿರ ಅಂದರು. ಮರುದಿನವೇ ಸಂಸತ್ತು ಸೇರಿತು, ಪ್ರೊರೋಗ್ ಆಗಿಯೇ ಇಲ್ಲವೆಂಬಂತೆ.

ಪದದ ಬೇರು ತಮಾಷೆಯಾಗಿದೆ. ಲ್ಯಾಟಿನ್ನಿನ ‘ರೊಗಾರೆ’ ಅಂದರೆ ಕೇಳು. ಇಂಟರಾಗೇಟ್, ಸರೊಗೇಟ್ ಇದರ ದಾಯಾದಿಗಳು. ರೋಮನ್ನರು ಜನರನ್ನು ಕೇಳಿ ಅಧಿಕಾರಿಯ ಅವಧಿ ವಿಸ್ತರಿಸುತ್ತಿದ್ದುದಕ್ಕೆ ‘ಪ್ರೊರೊಗಾರೆ’ ಅನ್ನುತ್ತಿದ್ದರು. ವಿಸ್ತರಿಸು ಹೋಗಿ ಮುಂದೂಡು ಆಯಿತು, ಕೊನೆಗೆ ಅಧಿವೇಶನ ಮುಗಿಸು ಆಯಿತು.

ಆದ್ದರಿಂದ ನಿಘಂಟು ನೋಡಿ ‘ಮುಂದೂಡಿದರು’ ಅಂತ ಹಾಕಿದರೂ ತಪ್ಪೇ, ಅದು ಅಡ್ಜರ್ನ್ ಆಗುತ್ತದೆ. ಇಂಗ್ಲಿಷಿನಲ್ಲಿ ಸದನವನ್ನೇ ಪ್ರೊರೋಗ್ ಮಾಡುತ್ತಾರೆ, ಕನ್ನಡದಲ್ಲಿ ಹಾಗೆ ಬರೆದರೆ ಸದನವೇ ಹೋದಂತೆ ಕೇಳುತ್ತದೆ. ನಾನು ‘ಅಧಿವೇಶನವನ್ನು ಮುಕ್ತಾಯಗೊಳಿಸಿದರು’ ಅನ್ನುತ್ತೇನೆ. ಮುಗಿದದ್ದು ಅಧಿವೇಶನ, ಸದನ ಅಲ್ಲ.

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್ ವರದಿಯಲ್ಲಿ ನೀರಿನ ಚರ್ಚೆ ‘ಪ್ರೊರೋಗ್’ ಆಯಿತು ಅಂತ ಬರೆದಿದ್ದರು. ಮುಂದಿನ ಭಾನುವಾರ ಅದೇ ಚರ್ಚೆ ಅದೇ ಜಾಗದಿಂದ ಶುರುವಾಯಿತು. ಅಂದರೆ ಅಡ್ಜರ್ನ್ ಅಲ್ವಾ!