ಕೋವಿ ಆಮೇಲೆ, ಮೊದಲು ಮರಿಗಳ ಲೆಕ್ಕ: ಟರ್ಕಿ ಶಿಕಾರಿಗೆ ತಯಾರಿ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕಾಡು ಟರ್ಕಿ ಕೋಳಿಯ ವಸಂತ ಶಿಕಾರಿ ಶುರುವಾಗುವುದು ಏಪ್ರಿಲ್ ಮೊದಲ ವಾರದ ಹೊತ್ತಿಗೆ. ನನಗೆ ಫೆಬ್ರವರಿಯಲ್ಲೇ ಫೋನ್ ಬರತೊಡಗುತ್ತವೆ. ಯಾವ ತೋಟಾ ಒಳ್ಳೆಯದು, ಕೋವಿಯ ತುದಿಗೆ ಯಾವ ಚೋಕ್ (ಚರೆ ಚದುರದಂತೆ ಹಿಡಿಯುವ ಕೊಳವೆ) ಹಾಕಿಸಲಿ, ಹೊಸ ಡಿಕಾಯ್ (ಹುಂಜವನ್ನು ಸೆಳೆಯುವ ನಕಲಿ ಹಕ್ಕಿ) ತಗೊಳ್ಳಲಾ ಎಂದು. ಇಲ್ಲಿ ಜಮೀನು, ಕಾಡು ಇಟ್ಟುಕೊಂಡವರಿಗೆ ವನ್ಯಜೀವಿಗಳ ವಿಚಾರದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಹೀಗೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ಹೋದ ಬೇಸಿಗೆಯಲ್ಲಿ ನಿಮ್ಮ ಜಾಗದಲ್ಲಿ ಎಷ್ಟು ಮರಿ ಕಂಡವು? ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ.

ಊರಲ್ಲಿರುವ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಎಂದರೆ ಅಪರಾಧ. ಹಾಗಾಗಿ "ಹಕ್ಕಿ ಕಡಿಮೆ ಆಗ್ತಿದೆ ಅಂತೀರಿ, ಮತ್ತೆ ಹೊಡೀತೀರಿ, ಏನಪ್ಪ ಇದು" ಅನ್ನಿಸುವುದು ಸಹಜ. ಅಮೆರಿಕದ ಲೆಕ್ಕಾಚಾರ ಬೇರೆ. 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಉಳಿದಿದ್ದ ಕಾಡು ಟರ್ಕಿ ಸುಮಾರು 2 ಲಕ್ಷ. ಹಿಡಿತವಿಲ್ಲದ ಬೇಟೆ, ಕಾಡು ಕಡಿದದ್ದು ಎರಡೂ ಸೇರಿ ಆ ಗತಿ ತಂದಿದ್ದವು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಶಿಕಾರಿ ಕೋವಿ, ತೋಟಾಗಳ ಮೇಲಿನ ಶೇ. 11 ತೆರಿಗೆ ನೇರವಾಗಿ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುವಂತಾಯಿತು. ಮೊದಲು ಫಾರಂನಲ್ಲಿ ಸಾಕಿದ ಟರ್ಕಿ ತಂದು ಕಾಡಿಗೆ ಬಿಟ್ಟರು. ಒಂದೂ ಬಾಳಲಿಲ್ಲ ಅನ್ನಬಹುದು. ಆಮೇಲೆ 1951ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಫಿರಂಗಿಯಿಂದ ಬಲೆ ಹಾರಿಸಿ ನಿಜವಾದ ಕಾಡು ಹಕ್ಕಿಗಳನ್ನೇ ಹಿಡಿದರು. ಹಿಡಿದದ್ದನ್ನು ಖಾಲಿ ಕಾಡುಗಳಿಗೆ ಒಯ್ದು ಬಿಡುವುದು ದಶಕಗಟ್ಟಲೆ ನಡೆಯಿತು. ಜಾರ್ಜಿಯಾದಲ್ಲಿ 1973ರಲ್ಲಿ ಇದ್ದದ್ದು 17,000 ಹಕ್ಕಿ. ಈ ಶತಮಾನದ ಮೊದಲ ವರ್ಷಗಳಲ್ಲಿ ದೇಶದ ಒಟ್ಟು ಸಂಖ್ಯೆ 70 ಲಕ್ಷದ ಹತ್ತಿರ ಹೋಗಿತ್ತು.

ಅಲ್ಲಿಂದ ಇಳಿಯಿತು. ಎಲ್ಲ ಕಡೆ ಅಲ್ಲ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಮತ್ತು ನಡುಭಾಗದ ಕೆಲವು ಕಡೆ ಕಣ್ಣಿಗೆ ಕಾಣುವಷ್ಟು ಇಳಿದಿದೆ. ಮಾಡಿದ ಪಾಪವನ್ನೆಲ್ಲ ರಕೂನ್ ಎಂಬ ಸಣ್ಣ ಕಾಡುಪ್ರಾಣಿಯ ತಲೆಗೆ ಕಟ್ಟುವುದು ಇಲ್ಲಿನ ಚಹಾ ಅಂಗಡಿ ಮಾತು, ಅಂದರೆ ಇಲ್ಲಿನ ಪೆಟ್ರೋಲ್ ಬಂಕ್ ಮಾತು. ಅದರಲ್ಲಿ ಸತ್ಯ ಇಲ್ಲದಿಲ್ಲ. ತುಪ್ಪಳದ ಬೆಲೆ ಬಿದ್ದುಹೋಗಿ ರಕೂನ್ ಹಿಡಿಯುವವರೇ ಕಡಿಮೆಯಾಗಿದ್ದಾರೆ. ರಕೂನ್, ಒಪಾಸಮ್, ಸ್ಕಂಕ್, ಹಾವು ಎಲ್ಲವೂ ಮೊಟ್ಟೆ ತಿನ್ನುತ್ತವೆ. ನಾಲ್ಕು ಗೂಡಿನಲ್ಲಿ ಮೂರು ಹಾಳಾಗುವುದು ಇಲ್ಲಿ ಮಾಮೂಲು. ಆದರೆ ಈ ಪ್ರಾಣಿಗಳು ಹಿಂದೆಯೂ ಇದ್ದವು. ಬದಲಾದದ್ದು ನೆಲ. ಗೂಡಿಗೆ ಮರೆ ಕಡಿಮೆ, ಒಡೆದು ಬಂದ ಮರಿಗೆ ಮೇವು ಕಡಿಮೆ.

ಹಕ್ಕಿ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ನಾವು ನೋಡುವುದು ಒಂದು ಹೇಂಟೆಗೆ ಎಷ್ಟು ಮರಿ ಎಂಬುದನ್ನು. ಬೇಸಿಗೆಯಲ್ಲಿ ಕಂಡ ಹೇಂಟೆಗಳನ್ನೆಲ್ಲ ಎಣಿಸಬೇಕು, ಮರಿ ಇಲ್ಲದವನ್ನೂ ಸೇರಿಸಿ. ಮರಿಗಳ ಸಂಖ್ಯೆಯನ್ನು ಅದರಿಂದ ಭಾಗಿಸಬೇಕು. 2ರ ಮೇಲಿದ್ದರೆ ಪರವಾಗಿಲ್ಲ. ಜಾರ್ಜಿಯಾದಲ್ಲಿ ಎಷ್ಟೋ ವರ್ಷಗಳಿಂದ ಇದು ಹೆಚ್ಚಿನ ಸಲ 2ರ ಕೆಳಗೇ ನಿಂತಿದೆ. ಮರಿ ಜತೆಗಿರುವ ಹೇಂಟೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು "ನಮ್ಮಲ್ಲಿ ಐದೈದು ಮರಿ ಇವೆ" ಅನ್ನುವವರು ತುಂಬಾ ಜನ. ಅದು ಸುಮ್ನೆ ಸಮಾಧಾನದ ಲೆಕ್ಕ.

ಈ ಕಾರಣಕ್ಕೇ ಒಂದೊಂದೇ ರಾಜ್ಯ ನಿಯಮ ಬಿಗಿ ಮಾಡಿತು. ಜಾರ್ಜಿಯಾ 2022ರಲ್ಲಿ ಸೀಸನ್ನನ್ನು ಮಾರ್ಚ್ ಕೊನೆಯಿಂದ ಏಪ್ರಿಲಿಗೆ ತಳ್ಳಿತು. ಸರ್ಕಾರಿ ಜಾಗದಲ್ಲಿ ಇನ್ನೂ ಒಂದು ವಾರ ತಡ. ಒಬ್ಬರಿಗೆ ಸೀಸನ್ನಿಗೆ ಮೂರು ಹುಂಜ ಎಂಬ ಮಿತಿ ಎರಡಕ್ಕೆ ಇಳಿಯಿತು, ಅದೂ ದಿನಕ್ಕೆ ಒಂದೇ. ಅದೇ ವರ್ಷ ಅಲಬಾಮಾ ಐದನ್ನು ನಾಲ್ಕು ಮಾಡಿ, ಮೊದಲ ಹತ್ತು ದಿನ ಡಿಕಾಯ್ ಬಳಸಬಾರದು ಎಂದಿತು. ಟೆನೆಸಿ 2023ರಲ್ಲಿ ಎರಡು ವಾರ ಮುಂದೂಡಿತು. ಮುಂದೂಡಿದರೆ ಏನು ಲಾಭ ಅಂತ ಕೇಳುತ್ತಾರೆ. ಟರ್ಕಿಗಳಲ್ಲಿ ಮೇಲು-ಕೀಳಿನ ಸಾಲು ಬಹಳ ಗಟ್ಟಿ. ಹೇಂಟೆಗಳ ಜತೆ ಕೂಡುವ ಕೆಲಸದಲ್ಲಿ ಹೆಚ್ಚಿನ ಪಾಲು ಮೇಲಿನ ಕೆಲವೇ ಹುಂಜಗಳದ್ದು. ಜೋರಾಗಿ ಕೂಗಿ ಮೊದಲು ಕೋವಿಗೆ ಸಿಗುವುದೂ ಹೆಚ್ಚಾಗಿ ಅವೇ. ಮೊಟ್ಟೆ ಇಡುವುದಕ್ಕೆ ಮೊದಲೇ ಅವನ್ನು ತೆಗೆದರೆ ಸಾಲು ಕಲಕಿ, ಗೂಡು ಕಟ್ಟುವುದು ತಡವಾಗಬಹುದು ಎಂಬುದು ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕಲ್ ಚೇಂಬರ್‌ಲೇನ್ ಮತ್ತಿತರರ ವಾದ. ಇದನ್ನು ಎಲ್ಲ ತಜ್ಞರೂ ಒಪ್ಪಿಲ್ಲ. ಮುಂದೂಡಿದರೂ ಮರಿ ಹೆಚ್ಚಲಿಲ್ಲ ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ವಾರ ಕಾಯುವುದರಿಂದ ಶಿಕಾರಿಗೆ ಆಗುವ ನಷ್ಟ ಅಷ್ಟಕ್ಕಷ್ಟೇ. ಹಕ್ಕಿಗೆ ಆಗಬಹುದಾದ ಲಾಭ ದೊಡ್ಡದು. ಹಾಗಾಗಿ ಕಾಯಿರಿ.

ಈಗ ತಯಾರಿಗೆ ಬರೋಣ. ಮಾರ್ಚಿನಲ್ಲಿ ಬೆಳಕು ಹರಿಯುವ ಮೊದಲೇ ಎತ್ತರದ ಜಾಗದಲ್ಲಿ ಹೋಗಿ ನಿಲ್ಲಿ. ಕೇಳಿ, ಕರೆಯಬೇಡಿ. ಹುಂಜಗಳು ಮರದ ಮೇಲೆ ಮಲಗಿ ಎದ್ದು ಅಲ್ಲಿಂದಲೇ ಕೂಗುತ್ತವೆ. ಎಷ್ಟು ದಿಕ್ಕಿನಿಂದ ಕೂಗು ಬಂತು ಎಂದು ಬರೆದಿಟ್ಟುಕೊಳ್ಳಿ. ಬೇರೆ ಬೇರೆ ದಿನ ಹೋಗಿ, ಗಾಳಿ ಇದ್ದ ದಿನದ ಲೆಕ್ಕ ನಂಬಬೇಡಿ. ಹೊಸ ಸ್ಲೇಟ್ ಕಾಲ್, ಬಾಕ್ಸ್ ಕಾಲ್ (ತಿಕ್ಕಿ ಟರ್ಕಿಯ ದನಿ ಹೊರಡಿಸುವ ಸಾಧನ) ತಂದವರಿಗೆ ಕಾಡಿನಲ್ಲೇ ಪ್ರಯೋಗ ಮಾಡುವ ಆಸೆ. ಮನೆಯಲ್ಲಿ ಎಷ್ಟು ಬೇಕಾದರೂ ತಿಕ್ಕಿ, ಮನೆಯವರು ಬೈಯ್ದರೆ ಕಾರಿನಲ್ಲಿ ಕೂತು ತಿಕ್ಕಿ. ಕಾಡಿನಲ್ಲಿ ಸೀಸನ್ನಿಗೆ ಮೊದಲೇ ಹೇಂಟೆಯ ದನಿ ಮಾಡಿ ಹುಂಜವನ್ನು ಕರೆದು, ಬಂದ ಮೇಲೆ ಅದಕ್ಕೆ ಮನುಷ್ಯ ಕಂಡರೆ, ಏಪ್ರಿಲಿನಲ್ಲಿ ಅದು ಬಾಯಿ ಮುಚ್ಚಿಕೊಂಡು ಇರುತ್ತದೆ. ಮರಗಳಿಗೆ ಧ್ವನಿಮುದ್ರಕ ಕಟ್ಟಿ ನಡೆಸಿದ ಅಧ್ಯಯನಗಳಲ್ಲೂ ಶಿಕಾರಿ ಶುರುವಾದ ಮೇಲೆ ಕೂಗು ಇಳಿದದ್ದು ಸಿಕ್ಕಿದೆ.

ಕೂಗು ಎಣಿಸಿದ ಮೇಲೆ ಎಷ್ಟು ಹೊಡೆಯಬೇಕು ಎಂದು ಕೂತು ತೀರ್ಮಾನಿಸಿ. ಕಾನೂನಿನ ಎರಡು ಎಂಬುದು ಮೇಲಿನ ಮಿತಿ, ನಿಮಗೆ ಕೊಟ್ಟ ಗುರಿ ಅಲ್ಲ. ಇಡೀ ಜಾಗದಲ್ಲಿ ಒಂದೇ ಒಂದು ಕೂಗು ಕೇಳಿಸಿದರೆ ಆ ವರ್ಷ ಕೋವಿ ಗೋಡೆಯ ಮೇಲೇ ಇರಲಿ ಅನ್ನುವವನು ನಾನು. ಪಡ್ಡೆ ಹುಂಜಗಳನ್ನೂ ಬಿಟ್ಟುಬಿಡಿ. ಇವಕ್ಕೆ ಇಲ್ಲಿ 'ಜೇಕ್' ಅನ್ನುತ್ತಾರೆ. ಗುರುತು ಸುಲಭ: ಬಾಲ ಬಿಚ್ಚಿದಾಗ ನಡುವಿನ ಗರಿಗಳು ಪಕ್ಕದವಕ್ಕಿಂತ ಉದ್ದ ಇರುತ್ತವೆ, ಎದೆಯಿಂದ ಇಳಿಬಿದ್ದ ಕೂದಲಿನಂಥ ಗಡ್ಡ ಗಿಡ್ಡ. ಮುಂದಿನ ವಸಂತಕ್ಕೆ ಕೂಗುವ ಹುಂಜ ಅದೇ ಅಲ್ವಾ?

ಇನ್ನು ಕೋವಿ. ಈಗಿನ ಟಂಗ್‌ಸ್ಟನ್ ಚರೆ ಸೀಸಕ್ಕಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ಸಣ್ಣ ಚರೆಯೂ ದೂರ ಹೋಗಿ ಆಳಕ್ಕೆ ಇಳಿಯುತ್ತದೆ. ಒಂದು ತೋಟಾಕ್ಕೆ ಹತ್ತು ಡಾಲರ್ ಆಸುಪಾಸು ಎಂದು ಜನ ಪರೀಕ್ಷೆ ಮಾಡದೇ ಕಾಡಿಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ದೊಡ್ಡ ಕಾಗದದ ಮೇಲೆ ಹತ್ತು ಇಂಚಿನ ವೃತ್ತ ಬರೆದು 40 ಗಜದಲ್ಲಿ ನಿಲ್ಲಿಸಿ, ಕೂತು ಒಂದು ಈಡು ಹೊಡೆಯಿರಿ. ವೃತ್ತದೊಳಗೆ ನೂರು ಚರೆ ಕೂತಿದ್ದರೆ ಆ ಕೋವಿ, ಚೋಕ್, ತೋಟಾ ಹೊಂದಿವೆ ಎಂದರ್ಥ. ಚರೆಯ ಗುಂಪು ವೃತ್ತದಿಂದ ಎಡಕ್ಕೋ ಮೇಲಕ್ಕೋ ಸರಿದಿರುವುದೂ ಆಗಲೇ ಗೊತ್ತಾಗುವುದು. 60 ಗಜಕ್ಕೂ ಹೊಡೆಯುತ್ತದೆ ಎಂದು ಡಬ್ಬದ ಮೇಲೆ ಬರೆದಿರಲಿ, ನೀವು 40ಕ್ಕೆ ನಿಲ್ಲಿಸಿ. ದೂರದ ಈಡಿಗೆ ಗಾಯವಾಗಿ ಪೊದೆ ಸೇರಿದ ಹುಂಜ ಯಾರ ಲೆಕ್ಕಕ್ಕೂ ಬರುವುದಿಲ್ಲ, ಆದರೆ ಸಾಯುತ್ತದೆ.

ಮೈಮೇಲೆ ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಒಳಗಿನ ಬನಿಯನ್ ಕೂಡ. ಹುಂಜದ ತಲೆಯ ಬಣ್ಣ ಅವೇ. ನಿಮ್ಮ ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಕೂಗಿನ ಹಿಂದೆ ಪೊದೆಯಲ್ಲಿ ನುಸುಳಿ ಹೋಗಬೇಡಿ, ಕೂಗುತ್ತಿರುವುದು ಇನ್ನೊಬ್ಬ ಶಿಕಾರಿಯೇ ಇರಬಹುದು. ಹೊಡೆದ ಹಕ್ಕಿಯನ್ನು ಹೊತ್ತು ತರುವಾಗ ಕಿತ್ತಳೆ ಬಣ್ಣದ ಬಟ್ಟೆ ಸುತ್ತಿ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ. ಇಲ್ಲಿನ ಲೋನ್ ಸ್ಟಾರ್ ಉಣ್ಣೆ ಕಚ್ಚಿದರೆ ಕೆಲವರಿಗೆ ಮಟನ್ ತಿಂದರೆ ಅಲರ್ಜಿ ಆಗುತ್ತದೆ. ಟರ್ಕಿ, ಕೋಳಿ ತಿನ್ನಬಹುದು ಎಂಬುದೊಂದೇ ಸಮಾಧಾನ.

ಅಟ್ಲಾಂಟಾ ಕಡೆಯ ಕನ್ನಡದ ಹುಡುಗರು ಎಚ್-1ಬಿ ಇದ್ದರೆ ಕೋವಿ ಹಿಡಿಯಬಹುದೇ ಎಂದು ಕೇಳುತ್ತಿರುತ್ತಾರೆ. ಅಂಥ ವೀಸಾದವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಸ್ನೇಹಿತನ ಕೋವಿಯನ್ನು ಹಿಡಿದು ನೋಡುವ ಮೊದಲೂ ಲೈಸೆನ್ಸ್ ಜೇಬಿನಲ್ಲಿರಲಿ, ವಕೀಲರನ್ನು ಒಮ್ಮೆ ಕೇಳಿ.

ಜಮೀನು ಇದ್ದವರಿಗೆ ನಾನು ಹೇಳುವ ಕೆಲಸ ಬೇರೆ. ಹೇಂಟೆ ನೆಲದ ಮೇಲೆ ಹತ್ತು-ಹನ್ನೆರಡು ಮೊಟ್ಟೆ ಇಟ್ಟು ಸುಮಾರು 28 ದಿನ ಕಾವು ಕೂರುತ್ತದೆ. ಇಲ್ಲಿ ಬಹಳಷ್ಟು ಹೇಂಟೆಗಳು ಕಾವಿಗೆ ಕೂರುವುದು ಏಪ್ರಿಲ್ ಎರಡನೇ ಭಾಗದಲ್ಲಿ. ಒಡೆದ ಮರಿಗಳು ಮರ ಹತ್ತಲು ಎರಡು ವಾರ ಬೇಕು. ಅಲ್ಲಿಯವರೆಗೆ ರಾತ್ರಿ ನೆಲದಲ್ಲೇ, ತಾಯಿಯ ರೆಕ್ಕೆಯಡಿ. ಹೆಚ್ಚಿನ ಮರಿ ಸಾಯುವುದು ಈ ದಿನಗಳಲ್ಲೇ. ನಿಮ್ಮ ಜಾಗ ಮರಿಗೆ ಆಗುತ್ತದೆಯೇ ಎಂದು ತಿಳಿಯಬೇಕಾದರೆ ಮೇ ತಿಂಗಳಲ್ಲಿ ಅಲ್ಲಿ ಹೋಗಿ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿ. ಎಲೆಗಳ ಕೆಳಗೆ ಬುಡಗಳ ನಡುವೆ ಬರಿ ಮಣ್ಣು ಕಾಣಬೇಕು, ಮರಿ ಓಡಾಡುವಷ್ಟು ಸಂದು ಇರಬೇಕು. ಮಿಡತೆ, ಜೀರುಂಡೆ ಇರಬೇಕು. ತಲೆ ಎತ್ತಿದರೆ ಮೇಲೆ ಎಲೆಯ ಚಾವಣಿ ಇರಬೇಕು, ಆದರೆ ನಿಂತ ಹೇಂಟೆಗೆ ಸುತ್ತ ಕಾಣುವಷ್ಟು ಗಿಡ್ಡಗೆ. ದನಕ್ಕೆಂದು ಬೆಳೆಸಿದ ಫೆಸ್ಕ್ಯೂ ಹುಲ್ಲು ದೂರದಿಂದ ಹಸಿರಾಗಿ ಚೆಂದ. ಬಗ್ಗಿ ನೋಡಿದರೆ ಬುಡದಲ್ಲಿ ಕಾರ್ಪೆಟ್, ಮರಿ ಹೆಜ್ಜೆ ಇಡಲಾರದು.

ಇಂಥ ನೆಲ ಬರುವುದು ಬೆಂಕಿಯಿಂದ. ಪೈನ್ ಕಾಡನ್ನು ತುಂಡು ತುಂಡಾಗಿ, ಒಂದು ತುಂಡಿಗೆ ಎರಡು-ಮೂರು ವರ್ಷಕ್ಕೊಮ್ಮೆ ಸುಡಬೇಕು. ಇಡೀ ಜಾಗ ಒಂದೇ ದಿನ ಸುಟ್ಟರೆ ಗೂಡಿಗೆ ಮರೆಯೇ ಉಳಿಯುವುದಿಲ್ಲ. ಪರ್ಮಿಟ್ ತಗೊಂಡು, ಗೊತ್ತಿದ್ದವರನ್ನು ಜತೆಗಿಟ್ಟುಕೊಂಡೇ ಸುಡಿ. ಹೊಲದಂಚಿನ ಹುಲ್ಲನ್ನು ಮೇ-ಜೂನಿನಲ್ಲಿ ಕತ್ತರಿಸಬೇಡಿ. ಅಂದವಾಗಿ ಕಾಣಲಿ ಎಂದು ಟ್ರ್ಯಾಕ್ಟರ್ ಓಡಿಸಿ ಕಾವು ಕೂತ ಹೇಂಟೆಯನ್ನೇ ಕಳೆದವರಿದ್ದಾರೆ. ರಕೂನ್ ಹಿಡಿಯುವುದಾದರೆ ಗೂಡಿನ ಕಾಲಕ್ಕೆ ಸ್ವಲ್ಪ ಮೊದಲು ಹಿಡಿಯಿರಿ. ಒಂದು ವರ್ಷ ಹಿಡಿದು ಬಿಟ್ಟರೆ ಮುಂದಿನ ವರ್ಷ ಪಕ್ಕದ ಕಾಡಿನವು ಬಂದು ಸೇರುತ್ತವೆ. ಕೂಲಿ ದಂಡ.

ಹುಂಜ ಹೊಡೆದರೆ ಜಾಗದಿಂದ ಕದಲಿಸುವ ಮೊದಲು ದಾಖಲೆಯಲ್ಲಿ ಬರೆಯಿರಿ, 24 ಗಂಟೆಯೊಳಗೆ ಗೇಮ್ ಚೆಕ್ ಎಂಬ ರಾಜ್ಯದ ಶಿಕಾರಿ ವರದಿ ವ್ಯವಸ್ಥೆಯಲ್ಲಿ ತಿಳಿಸಿ. ಕಾಲಿಗೆ ಉಂಗುರ ಇದ್ದರೆ ಅದರ ಮೇಲಿನ ಸಂಖ್ಯೆಯನ್ನೂ ತಿಳಿಸಿ, ಅದನ್ನು ಹಾಕಿದ ಸಂಶೋಧಕರು ಕಾಯುತ್ತಿರುತ್ತಾರೆ. ಜುಲೈ, ಆಗಸ್ಟಿನಲ್ಲಿ ಕಂಡ ಹೇಂಟೆ, ಮರಿಗಳನ್ನು ರಾಜ್ಯದ ಸಮೀಕ್ಷೆಗೆ ಕಳಿಸಿ. ಮರಿ ಇಲ್ಲದ ಹೇಂಟೆ ಕಂಡರೆ ಅದನ್ನೂ ಬರೆಯಿರಿ.